ಲೆಕ್ಕಿಗ ಲಿಯೊನೆಲ್‌ನ ಮುಖ

ಲಿಯೊನೆಲ್ ಬೆಟೆನ್‌ಕೋರ್ಟ್‌ಗೆ ದೇವರು ಬೇಕಾದಷ್ಟು ಕೊಟ್ಟಿದ್ದ. ಮುತ್ತು ಪೋಣಿಸಿದಂಥ ಅಕ್ಷರ, ಎಷ್ಟು ಉದ್ದದ ಕೂಡುವ ಲೆಕ್ಕವನ್ನಾದರೂ ಬಾಯಲ್ಲೇ ಮುಗಿಸುವ ತಲೆ, ನಲವತ್ತೆಂಟಾದರೂ ಉದುರದ ಕೂದಲು. ಕೊಡಲು ಮರೆತದ್ದು ಒಂದೇ ಒಂದು, ಗುಟ್ಟು ಬಚ್ಚಿಡುವ ಮುಖ. ಹುಡುಗನಾಗಿದ್ದಾಗ ಇಸ್ಪೀಟಿಗೆ ಕೂತರೆ ಅವನ ಕೈಯಲ್ಲಿರುವ ಎಲೆ ಅವನಿಗಿಂತ ಮೊದಲು ಎದುರಿನವರಿಗೆ ಗೊತ್ತಾಗುತ್ತಿತ್ತು. ಚರ್ಚಿನಲ್ಲಿ ತಪ್ಪೊಪ್ಪಿಗೆಗೆ ಹೋದರೆ ಪಾದ್ರಿ ಜಾಲರಿಯ ಆಚೆಯಿಂದಲೇ ಅವನ ಮುಖ ನೋಡಿ, "ಗೊತ್ತಾಯ್ತು ಬಿಡಪ್ಪ, ಹತ್ತು ಸಲ ಜಪ ಮಾಡು, ಹೋಗು. ಹಿಂದೆ ಜನ ಕಾಯ್ತಿದಾರೆ" ಎಂದು ಕಳಿಸಿಬಿಡುತ್ತಿದ್ದರು. ಅವನಮ್ಮ ಸ್ಯಾನ್ ಹೊಸೆಯ ಜಲ್ದರು ಹಣ್ಣಿನ ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು, ಸಾಯುವ ಮುಂಚೆ ಮಗನ ಗಲ್ಲ ಹಿಡಿದು ಹೇಳಿದ ಕೊನೆಯ ಬುದ್ಧಿಮಾತು, "ಕಳ್ಳತನಕ್ಕೆ ಮಾತ್ರ ಹೋಗ್ಬೇಡ ಕಣೋ, ಬಾಗಿಲಲ್ಲೇ ಸಿಕ್ಕಿಬೀಳ್ತೀಯ."

ಇಂಥವನಿಗೆ ಎಂಥ ಕೆಲಸ ಸಿಗಬೇಕಿತ್ತು? ತೋಟದ ಕೆಲಸ, ಗಡಿಯಾರ ರಿಪೇರಿ, ಹೋಗಲಿ ದೀಪಸ್ತಂಭ ಕಾಯುವ ಕೆಲಸ. ಆದರೆ ಸಿಕ್ಕಿದ್ದು ಮಿಲ್ಪೀಟಸ್‌ನ ಕೊಯೋಟಿ ಡಿಸ್ಕ್ ಕಂಪನಿಯಲ್ಲಿ ಮೂರು ತಿಂಗಳಿಗೊಮ್ಮೆ ಲಾಭ ನಷ್ಟದ ವರದಿ ತಯಾರಿಸುವ ಕೆಲಸ! ಕಂಪ್ಯೂಟರಿನ ಹೊಟ್ಟೆಯೊಳಗೆ ಗಿರಗಿರನೆ ತಿರುಗುತ್ತ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ತಟ್ಟೆಗಳನ್ನು ಮಾಡುವ ಕಂಪನಿ ಅದು. ತಟ್ಟೆ ಮಾಡುವವರಿಗೆ ಇಲ್ಲದ ಕಷ್ಟ ಲಿಯೊನೆಲ್‌ಗೆ. ಏಕೆಂದರೆ ವರ್ಷದ ಲೆಕ್ಕಕ್ಕೆ ಕಾಯುವಷ್ಟು ತಾಳ್ಮೆ ಷೇರು ಕೊಂಡವರಿಗೆ ಎಲ್ಲಿದೆ? ಹದಿಮೂರು ವಾರಕ್ಕೊಮ್ಮೆ ಅವರಿಗೆ ಮಧ್ಯಂತರ ವರದಿ ಬೇಕೇ ಬೇಕು. ಆ ಹದಿಮೂರು ವಾರಗಳಲ್ಲಿ ಕೊನೆಯೆರಡು ವಾರ, ಮತ್ತೆ ವರದಿ ಹೊರಬೀಳುವವರೆಗಿನ ಮೂರು ವಾರ, ಒಟ್ಟು ಐದು ವಾರ, ಅಂಕಿ ಅಂಶ ಗೊತ್ತಿದ್ದವರು ಹೊರಗಿನವರ ಮುಂದೆ ತುಟಿ ಪಿಟಕ್ಕೆನ್ನಬಾರದು. ಅದಕ್ಕೆ ಮೌನದ ವಾರಗಳು ಎಂದೇ ಹೆಸರು. ವರ್ಷಕ್ಕೆ ನಾಲ್ಕು ಸಲ ಐದೈದು ವಾರ. ಇಪ್ಪತ್ತು ವಾರ ಲಿಯೊನೆಲ್ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದ. ಯಾರಾದರೂ "ಹೇಗಿದೀಯಪ್ಪ?" ಎಂದರೆ, "ಹವಾಮಾನ ಚೆನ್ನಾಗಿದೆ" ಎನ್ನುತ್ತಿದ್ದ.

ಬಾಯಿಗೇನೋ ಬೀಗ ಹಾಕಬಹುದು. ಮುಖಕ್ಕೆ?

ಅವನಿದ್ದ ಆಲಂ ರಾಕ್ ಬೀದಿಯ ಆಸುಪಾಸಿನಲ್ಲಿ ಪೋರ್ಚುಗೀಸರದೇ ಸಂಸಾರಗಳು. ಮನೆಗೊಬ್ಬರಾದರೂ ಕೊಯೋಟಿಯಲ್ಲಿ ಕೆಲಸಕ್ಕಿದ್ದರು. ಕ್ರಿಸ್ಮಸ್ಸಿಗೆ ಕಂಪನಿ ಬೋನಸ್ಸಿನ ಬದಲು ಷೇರು ಕೊಡುತ್ತಿತ್ತು. ಹಾಗಾಗಿ ಮೀನು ಮಾರುವವನಿಂದ ಹಿಡಿದು ಚರ್ಚಿನ ಗಂಟೆ ಹೊಡೆಯುವವನವರೆಗೆ ಎಲ್ಲರೂ ಷೇರುದಾರರು, ಎಲ್ಲರ ಕಣ್ಣೂ ಲಿಯೊನೆಲ್ ಮೇಲೆ. ಅದರಲ್ಲೂ ಮ್ಯಾನಿ ಫುರ್ಟಾಡೊ ಎಂಬ ಒಬ್ಬ ಇದ್ದ, ಮಹಾ ಕಿಲಾಡಿ. ಮೂವತ್ತು ವರ್ಷ ಟ್ರಕ್ ಓಡಿಸಿ, ಆ ಟ್ರಕ್ಕನ್ನು ಮಾರಿ, ಆ ದುಡ್ಡನ್ನು ಲಕೋಟೆಯಲ್ಲಿಟ್ಟು, ಲಕೋಟೆಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಬೇಕರಿಯ ಬಾಗಿಲ ಬೆಂಚಿನ ಮೇಲೆ ಕೂತುಬಿಟ್ಟಿದ್ದ. ಯಾವತ್ತಾದರೂ ಒಂದು ದಿನ ಲಿಯೊನೆಲ್ ಮುಖ ನೋಡಿ ಸರಿಯಾದ ಹೊತ್ತಿಗೆ ಕೊಯೋಟಿ ಷೇರು ಕೊಂಡು ಸಾಹುಕಾರನಾಗುವುದು ಅವನ ಜೀವನದ ಗುರಿ.

ಬೇಕರಿ ಇಡಾಲಿನಾ ಆವಿಲಾಳದು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಗಟ್ಟಿ ಹೆಂಗಸು, ಹಿಟ್ಟು ನಾದಿ ನಾದಿ ರಟ್ಟೆ ಬಲಿತಿತ್ತು, ಮಾತು ರಟ್ಟೆಗಿಂತ ಒಂದು ಕೈ ಮೇಲು. ಅವಳು ಸುಡುತ್ತಿದ್ದ ಸಿಹಿ ಬ್ರೆಡ್ಡಿಗೆ ಶನಿವಾರ ಬೆಳಿಗ್ಗೆ ಬೀದಿಯುದ್ದ ಸಾಲು ನಿಲ್ಲುತ್ತಿತ್ತು. ಲಿಯೊನೆಲ್ ನಾಲ್ಕು ವರ್ಷದಿಂದ ಆ ಸಾಲಿನಲ್ಲಿದ್ದ. ಬ್ರೆಡ್ಡಿಗಾಗಿ ಎಂದು ಅವನು ತಿಳಿದುಕೊಂಡಿದ್ದ, ಉಳಿದ ಊರಿಗೆಲ್ಲ ನಿಜ ಸಂಗತಿ ಗೊತ್ತಿತ್ತು. ಎರಡು ಗಂಟೆಗೆ ಅಂಗಡಿ ಮುಚ್ಚಿದ ಮೇಲೆ ಅವಳು ಅವನಿಗೊಂದು ಕಪ್ಪು ಕಾಫಿ ಕೊಡುತ್ತಿದ್ದಳು. ಅವನು ಕುಡಿದು, ಕಪ್ಪನ್ನು ತೊಳೆದಿಟ್ಟು, "ಸರಿ, ಬರ್ತೀನಿ" ಎನ್ನುತ್ತಿದ್ದ. ನಾಲ್ಕು ವರ್ಷದಲ್ಲಿ ಅದಕ್ಕಿಂತ ಒಂದು ಅಕ್ಷರ ಮುಂದೆ ಹೋಗಿರಲಿಲ್ಲ.

ಪಾಪ, ಅವನ ತಪ್ಪಲ್ಲ. ಹದಿಮೂರರಲ್ಲಿ ಐದು ಕಳೆದರೆ ಎಂಟು. "ನನ್ನ ಮದುವೆ ಆಗ್ತೀಯಾ" ಎಂದು ಕೇಳುವಷ್ಟು ಧೈರ್ಯ ಕೂಡಿಸಿಕೊಳ್ಳಲು ಅವನಿಗೆ ಸರಿಯಾಗಿ ಎಂಟು ವಾರ ಬೇಕಾಗುತ್ತಿತ್ತು. ಎಂಟನೇ ವಾರದ ಶನಿವಾರ ಬಾಯಿ ತೆರೆಯುವಷ್ಟರಲ್ಲಿ ಮೌನದ ವಾರ ಶುರು. ಐದು ವಾರ ಕಳೆಯುವಷ್ಟರಲ್ಲಿ ಕೂಡಿಟ್ಟ ಧೈರ್ಯವೆಲ್ಲ ಸೋರಿಹೋಗಿ ಮತ್ತೆ ಸೊನ್ನೆಯಿಂದ ಆರಂಭ.

"ನೀನು ವರ್ಷದಲ್ಲಿ ಮೂವತ್ತೆರಡು ವಾರ ಮಾತ್ರ ಮನುಷ್ಯ ಕಣೋ. ಮಿಕ್ಕಿದ ದಿನ ಕಪಾಟು" ಎಂದು ಇಡಾಲಿನಾ ಒಮ್ಮೆ ಹೇಳಿದ್ದಳು. ಅದು ಮೌನದ ವಾರವಾದ್ದರಿಂದ ಲಿಯೊನೆಲ್, "ಹವಾಮಾನ ಚೆನ್ನಾಗಿದೆ" ಎಂದಿದ್ದ.

ಹೀಗಿರುವಾಗ ಎಂಬತ್ತೈದರ ಅಕ್ಟೋಬರಿನಲ್ಲಿ ಹಲ್ಲುನೋವಿನ ಪ್ರಕರಣ ನಡೆಯಿತು. ಮೌನದ ನಾಲ್ಕನೇ ವಾರ. ಲಿಯೊನೆಲ್‌ನ ಎಡ ದವಡೆ ಊದಿ ಮುಖ ಹರಳೆಣ್ಣೆ ಕುಡಿದವರ ಹಾಗಾಗಿತ್ತು. ಅಗಿಯಲು ಆಗದ ಮೇಲೆ ಇಡೀ ಬ್ರೆಡ್ಡು ಯಾಕೆ ಎಂದುಕೊಂಡು ಅರ್ಧ ಬ್ರೆಡ್ಡು ಕೊಂಡ. ಮ್ಯಾನಿ ಬೆಂಚಿನಿಂದ ಚಂಗನೆ ಎದ್ದ.

"ನೋಡಿದ್ರಾ? ಅರ್ಧ! ನಾಲ್ಕು ವರ್ಷದಿಂದ ಪೂರ್ತಿ ತಗೊಳ್ತಿದ್ದೋನು ಇವತ್ತು ಅರ್ಧ! ಕೈಯಲ್ಲಿ ಕಾಸಿಲ್ಲ ಅಂದ್ರೆ ಕೆಲಸ ಹೋಗೋದ್ರಲ್ಲಿದೆ. ಕೆಲಸ ಹೋಗೋದ್ರಲ್ಲಿದೆ ಅಂದ್ರೆ ಕಂಪನಿ ಮುಳುಗ್ತಿದೆ!"

ಸೋಮವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಷೇರು ಮಾರಿತು. ಬೆಲೆ ಒಂದೂವರೆ ಡಾಲರ್ ಕುಸಿಯಿತು. ಕುಸಿದದ್ದನ್ನು ನೋಡಿ ನ್ಯೂಯಾರ್ಕಿನ ಯಾರೋ ಪುಣ್ಯಾತ್ಮರು ತಮ್ಮವನ್ನೂ ಮಾರಿದರು. ಶುಕ್ರವಾರ ವರದಿ ಹೊರಬಿತ್ತು: ಕಂಪನಿಯ ಚರಿತ್ರೆಯಲ್ಲೇ ಅತಿ ಹೆಚ್ಚಿನ ಲಾಭ. ಬೆಲೆ ಮೂರು ಡಾಲರ್ ಜಿಗಿಯಿತು. ಮಾರಿದವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಲಿಯೊನೆಲ್ ಹಲ್ಲು ಕೀಳಿಸಿಕೊಂಡು ಬಂದರೆ, ದಾರಿಯುದ್ದಕ್ಕೂ ಬೈಗುಳ. "ಹಲ್ಲುನೋವು ಅಂತ ಒಂದು ಬೋರ್ಡ್ ಹಾಕ್ಕೊಂಡು ಓಡಾಡೋಕೆ ಏನಾಗಿತ್ತು ನಿಂಗೆ?" ಎಂದು ಮೀನಿನವನು ಕೂಗಾಡಿದ.

ಹಣಕಾಸಿನ ಮುಖ್ಯಸ್ಥ ಸ್ಟ್ರೌಡ್ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದ. ಸ್ಟ್ರೌಡ್ ಸದಾ ಎರಡು ಪೆನ್ನು ಹಿಡಿದುಕೊಂಡಿರುತ್ತಿದ್ದ ಮನುಷ್ಯ, ಒಂದರಲ್ಲಿ ಬರೆಯಲು, ಇನ್ನೊಂದರಲ್ಲಿ ಬೆದರಿಸಲು.

"ಯಾರ ಹತ್ರ ಬಾಯಿ ಬಿಟ್ಟೆ?"

"ಯಾರ ಹತ್ರಾನೂ ಇಲ್ಲ ಸಾರ್. ಬಾಯಿ ಬಿಡೋಕೇ ಆಗ್ತಿರಲಿಲ್ಲ. ದವಡೆ ಊದಿತ್ತು."

"ಮತ್ತೇನು ಮಾಡಿದೆ?"

"ಬ್ರೆಡ್ ತಗೊಂಡೆ ಸಾರ್. ಅರ್ಧ."

ಕಂಪನಿಯ ವಕೀಲರು ಎರಡು ದಿನ ಕೂತು ಒಂದು ಪುಟದ ನಿಯಮಾವಳಿ ಬರೆದರು. ಲಿಯೊನೆಲ್ ಬೆಟೆನ್‌ಕೋರ್ಟ್ ಪ್ರತಿ ಶನಿವಾರ ತಪ್ಪದೆ ಒಂದು ಬ್ರೆಡ್ಡು, ಹೆಚ್ಚಿಲ್ಲ ಕಡಿಮೆಯಿಲ್ಲ, ಕೊಳ್ಳತಕ್ಕದ್ದು. ಮೌನದ ವಾರಗಳಲ್ಲಿ ನಗತಕ್ಕದ್ದಲ್ಲ, ಅಳತಕ್ಕದ್ದಲ್ಲ, ಸಿಳ್ಳೆ ಹಾಕತಕ್ಕದ್ದಲ್ಲ. ಹೊಸ ಚಪ್ಪಲಿ ಧರಿಸತಕ್ಕದ್ದಲ್ಲ. ಲಿಯೊನೆಲ್ ಓದಿ ಸಹಿ ಮಾಡಿದ. ಆಮೇಲೆ ಪ್ರತಿ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯ ಮುಂದೆ ಹತ್ತು ನಿಮಿಷ ನಿಂತು ಮುಖವನ್ನು ಮುಖವಲ್ಲದ ಹಾಗೆ ಮಾಡಿಕೊಳ್ಳುವ ಅಭ್ಯಾಸಕ್ಕೆ ಬಿದ್ದ. ಹುಬ್ಬು ಇಲ್ಲಿ, ತುಟಿ ಇಲ್ಲಿ, ಕಣ್ಣು ಎಲ್ಲೂ ಇಲ್ಲ. ಚಳಿಗಾಲದ ಹೊತ್ತಿಗೆ ಅವನಿಗೆ ಅದು ಒಂದು ಮಟ್ಟಕ್ಕೆ ಕೈಗೂಡಿತು, ಹೆಚ್ಚು ಕದಲದಿದ್ದರೆ.

ಇಷ್ಟಾದ ಮೇಲೆ ಬಂತು ನೋಡಿ ಎಂಬತ್ತಾರರ ಏಪ್ರಿಲ್.

ಆ ವರ್ಷದ ಮೊದಲ ಮೂರು ತಿಂಗಳು ಕೊಯೋಟಿ ಹೊಸ ಡಿಸ್ಕೊಂದನ್ನು ಮಾರಿತ್ತು. ಭಾರೀ ಜಾಹೀರಾತು, ಭಾರೀ ಮಾರಾಟ. ಅದಕ್ಕಿದ್ದದ್ದು ಒಂದೇ ಕಾಯಿಲೆ, ಚಳಿಯಾದರೆ ಒಳಗಿನ ತಟ್ಟೆ ಅಂಟಿಕೊಂಡು ತಿರುಗುತ್ತಲೇ ಇರಲಿಲ್ಲ. ಕೊಂಡವರು ಪೆಟ್ಟಿಗೆ ಕಟ್ಟಿ ವಾಪಸು ಕಳಿಸತೊಡಗಿದ್ದರು. ಒಂದು ವರ್ಷದ ಗ್ಯಾರಂಟಿ ಕೊಟ್ಟಿದ್ದರಿಂದ ನೂರರಲ್ಲಿ ಇನ್ನೆಷ್ಟು ವಾಪಸು ಬಂದಾವು ಎಂದು ಅಂದಾಜು ಮಾಡಿ, ಆ ನಷ್ಟವನ್ನು ಈಗಿನ ವರದಿಯಲ್ಲೇ ತೋರಿಸಬೇಕು. ಮಧ್ಯಂತರ ವರದಿ ಎಂದರೆ ಅರ್ಧ ಎಣಿಕೆ, ಅರ್ಧ ಅಂದಾಜು, ಜಗಳವೆಲ್ಲ ಅಂದಾಜಿನದು. ಸ್ಟ್ರೌಡ್ "ಎರಡು" ಎನ್ನುತ್ತಿದ್ದ. ಡಿಸ್ಕಿನ ಎಂಜಿನಿಯರ್ ಹಿಗಾ, ಸಾಧು ಪ್ರಾಣಿ, ನೆಲ ನೋಡುತ್ತ "ಒಂಬತ್ತು" ಎನ್ನುತ್ತಿದ್ದ. ಪ್ರತಿ ಸಲವೂ ಹೀಗೆಯೇ, ಹನ್ನೊಂದು ದಿನ ಚೌಕಾಸಿ ನಡೆದು, ಹತ್ತೊಂಬತ್ತು ಊಟ ತರಿಸಿ, ಕೊನೆಯ ಶುಕ್ರವಾರ ಯಾವುದೋ ನಡುವಿನ ಸಂಖ್ಯೆಗೆ ಎಲ್ಲರೂ ಸುಸ್ತಾಗಿ ಹೂಂಗುಟ್ಟುತ್ತಿದ್ದರು. ಎಷ್ಟೇ ಹಿಡಿದರೂ ಈ ಸಲ ನಷ್ಟ ಎಂಬುದು ಲಿಯೊನೆಲ್‌ಗೆ ಗೊತ್ತಿತ್ತು. ಒಂಬತ್ತು ಹಿಡಿದರೆ ಮಹಾ ನಷ್ಟ.

ಮೌನದ ನಾಲ್ಕನೇ ಶನಿವಾರ ಅವನು ಅಭ್ಯಾಸದ ಮುಖ ಹೊತ್ತು ಸಾಲಿನಲ್ಲಿ ನಿಂತಿದ್ದ. ಅವನ ಸರದಿ ಬಂತು. ಇಡಾಲಿನಾ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿದಳು, ಕೊಡಲಿಲ್ಲ. ಎರಡೂ ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಳು.

"ಲಿಯೊನೆಲ್, ಟುಲೇರಿಯಲ್ಲಿರೋ ನಮ್ಮಣ್ಣ ಬಾ ಅಂತಿದಾನೆ. ಅವನ ಹಸುಗಳಿಗೂ ಅವನಿಗೂ ಅಡಿಗೆ ಮಾಡ್ಕೊಂಡಿರೋಕೆ. ಡೋನಟ್ ಅಂಗಡಿಯವರು ಈ ಬೇಕರಿ ಕೊಳ್ತೀನಿ ಅಂತ ಐದು ಸಾವಿರ ಮುಂಗಡ ಕೊಟ್ಟು ಹೋಗಿದಾರೆ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಸಹಿ."

ಲಿಯೊನೆಲ್ ಹುಬ್ಬು ಅಲುಗದಂತೆ ಹಿಡಿದುಕೊಂಡ.

"ಹೋಗ್ಲಾ, ಇರ್ಲಾ? ನೀನೊಬ್ಬ ಕೇಳಿಯೇ ಕೇಳ್ತೀಯ ಅಂತ ನಾಲ್ಕು ವರ್ಷ ಕಾದೆ. ನೀನು ಕೇಳಲ್ಲ. ಸರಿ, ನಾನೇ ಕೇಳ್ತೀನಿ, ಈ ಜನರ ಮುಂದೇನೇ. ನನ್ನ ಮದುವೆ ಆಗ್ತೀಯೋ ಇಲ್ವೋ?"

ಮ್ಯಾನಿಯ ಕೈ ಒಳಜೇಬಿನ ಲಕೋಟೆಯ ಮೇಲೆ ಹೋಯಿತು. ಅದನ್ನು ಲಿಯೊನೆಲ್ ನೋಡಿದ. ಅವನೊಳಗೆ ಸಂತೋಷ ಗಂಟಲವರೆಗೆ ಉಕ್ಕಿ ಬಂದಿತ್ತು. ಒಂದು ಹೌದು ಎಂದರೆ ಸಾಕು, ಮುಖವೆಲ್ಲ ಅರಳಿಬಿಡುತ್ತದೆ. ಅರಳಿದ ಮುಖವನ್ನು ಈ ನಲವತ್ತು ಜನ ನೋಡುತ್ತಾರೆ. ಲಾಭ ಬಂದಿರದೆ ಈ ಕಪಾಟು ಮದುವೆಗೆ ಒಪ್ಪುತ್ತದೆಯೇ ಎಂದು ಸೋಮವಾರ ಬೆಳಿಗ್ಗೆಯೇ ಓಡಿಹೋಗಿ ಮುಳುಗುವ ಷೇರು ಕೊಳ್ಳುತ್ತಾರೆ. ಮೀನಿನವನು, ಗಂಟೆಯವನು, ಮ್ಯಾನಿಯ ಮೂವತ್ತು ವರ್ಷದ ಟ್ರಕ್ಕು. ಇಲ್ಲ ಎನ್ನೋಣವೆಂದರೆ ಅದು ಸುಳ್ಳು, ಸುಳ್ಳು ಅವನ ಮುಖದಲ್ಲಿ ನಿಲ್ಲುವುದೇ ಇಲ್ಲ.

ಪುಣ್ಯಾತ್ಮ ಬಾಯಿ ತೆರೆದು ಹೇಳಿದ್ದಿಷ್ಟು: "ಈ ಸಂದರ್ಭದಲ್ಲಿ ಆ ಬಗ್ಗೆ ಪ್ರತಿಕ್ರಿಯಿಸಲು ಸಾಧ್ಯವಿಲ್ಲ."

ಇಡಾಲಿನಾ ಕಾಗದದಲ್ಲಿ ಸುತ್ತಿದ ಬ್ರೆಡ್ಡನ್ನೆತ್ತಿ ಅವನ ಎದೆಗೆ ಒಗೆದಳು.

"ತಗೊಂಡು ಹೋಗು! ದುಡ್ಡು ಬೇಡ. ಇನ್ನು ನೀನು ಹೇಳೋದೇನಿದ್ರೂ ಇಲ್ಲೇ ಬಂದು ಹೇಳ್ಬೇಕು, ಇದೇ ಸಾಲಿನ ಮುಂದೆ. ಫೋನ್ ಮಾಡಿದ್ರೆ ಎತ್ತಲ್ಲ, ಚೀಟಿ ಕಳಿಸಿದ್ರೆ ಒಲೆಗೆ ಹಾಕ್ತೀನಿ. ನಾನು ಮಾನ ಬಿಟ್ಟು ಜನರ ಮುಂದೆ ಕೇಳಿದೀನಿ ಕಣಯ್ಯಾ!"

ಹೊರಗೆ ಬೆಂಚಿನ ಸುತ್ತ ದೊಡ್ಡ ಪಂಚಾಯಿತಿ ನೆರೆಯಿತು. ಲಾಭ ಬಂದಿದ್ದರೆ ಹೌದು ಎನ್ನುತ್ತಿದ್ದ, ನಷ್ಟವಾಗಿದ್ದರೆ ಇಲ್ಲ ಎನ್ನುತ್ತಿದ್ದ, ಎರಡೂ ಅನ್ನಲಿಲ್ಲವೆಂದರೆ ಏನರ್ಥ? "ಲಾಭಾನೂ ಇಲ್ಲ, ನಷ್ಟಾನೂ ಇಲ್ಲ, ಸಮಸಮ" ಎಂದ ಮೀನಿನವನು. "ಅಲ್ಲ, ಇವನಿಗೆ ಹೆಂಗಸರ ಭಯ" ಎಂದ ಗಂಟೆಯವನು. ಮ್ಯಾನಿ ತಲೆ ಕೆರೆದುಕೊಂಡು, "ಯಾರೂ ಕೊಳ್ಬೇಡಿ, ಯಾರೂ ಮಾರ್ಬೇಡಿ. ಇದು ನನ್ನ ವಿದ್ಯೆಗೆ ಮೀರಿದ್ದು" ಎಂದು ತೀರ್ಪು ಕೊಟ್ಟ.

ಲಿಯೊನೆಲ್ ಮನೆಗೆ ಬಂದು ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಅದರ ಎದುರು ಕೂತು ಅತ್ತ. ಪರದೆ ಎಳೆದುಕೊಂಡೇ ಅತ್ತ, ನಿಯಮಾವಳಿ ಮುರಿಯಬಾರದಲ್ಲ! ಅಳು ಮುಗಿದ ಮೇಲೆ ಲೆಕ್ಕ ಹಾಕಿದ. ವರದಿ ಹೊರಬಿದ್ದ ಕ್ಷಣದಿಂದ ಅವನ ಮುಖ ಅವನದು. ವರದಿ ಇರುವುದು ಶುಕ್ರವಾರ ಸಂಜೆ. ಸಹಿ ಇರುವುದು ಗುರುವಾರ ಮಧ್ಯಾಹ್ನ. ಹಾಗಾದರೆ ವರದಿಯೇ ಒಂದು ದಿನ ಮುಂಚೆ ಬರಬೇಕು. ತಡವಾಗಿರುವುದು ಯಾವುದರಿಂದ? ಆ ಹಾಳು ಅಂದಾಜಿನಿಂದ.

ಬೇಗ ಒಂದು ಸಂಖ್ಯೆಗೆ ಒಪ್ಪಿ ಎಂದು ಸೋಮವಾರ ಬೇಡಿಕೊಂಡ. ಮಂಗಳವಾರವೂ ಬೇಡಿಕೊಂಡ. ಸ್ಟ್ರೌಡ್ ಅಂದಾಜನ್ನು ಎರಡರಿಂದ ಎರಡೂವರೆಗೆ ಏರಿಸಿ ಊಟ ತರಿಸಿದ. ಬುಧವಾರ ಬೆಳಿಗ್ಗೆ ಸಭೆಯಲ್ಲಿ ಲಿಯೊನೆಲ್ ಹೇಳಿದ, "ಸಾರ್, ಕೆಳಗೆ ಉಗ್ರಾಣದಲ್ಲಿ ವಾಪಸ್ ಬಂದಿರೋ ಪೆಟ್ಟಿಗೆ ಆರುನೂರಿವೆ. ಅವಷ್ಟನ್ನೇ ಲೆಕ್ಕಕ್ಕೆ ಹಿಡಿದ್ರೂ ಹಿಗಾ ಹೇಳೋದೇ ಸರಿ."

"ತೆರೆದಿದಾರಾ ಅವನ್ನ?"

"ಇಲ್ಲ ಸಾರ್. ನೀವೇ ತೆರೀಬೇಡಿ ಅಂದ್ರಿ."

"ಮತ್ತೆ? ತೆರೆಯದ ಪೆಟ್ಟಿಗೇಲಿ ಏನಿದೆ ಅಂತ ಯಾರಿಗೆ ಗೊತ್ತು? ವಾಪಸ್ ಬಂದಿದ್ದು ಅಂತ ಹೇಗೆ ಹೇಳ್ತೀಯ? ಮೆಚ್ಚುಗೆ ಪತ್ರ ಇರಬಹುದು. ಉಡುಗೊರೆ ಇರಬಹುದು."

ಹನ್ನೊಂದು ವರ್ಷ ಆ ಕಚೇರಿಯಲ್ಲಿ ಲಿಯೊನೆಲ್ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಅವನು ಎದ್ದು ಹೋದ. ಬಹಿರ್ದೆಸೆಗೆ ಹೋದನೆಂದು ಎಲ್ಲರೂ ಎಣಿಸಿದರು. ಕಾಲು ಗಂಟೆಯ ಮೇಲೆ ತಳ್ಳುಗಾಡಿಯ ಸದ್ದಾಯಿತು. ನಲವತ್ತು ಪೆಟ್ಟಿಗೆ ಹೇರಿಕೊಂಡು, ಕೈಯಲ್ಲಿ ಚಾಕು ಹಿಡಿದು ಲಿಯೊನೆಲ್ ಬಾಗಿಲಲ್ಲಿ ನಿಂತಿದ್ದ. ಮುಖ ಕೆಂಪಗೆ ಕುದಿಯುತ್ತಿತ್ತು. ಸ್ಟ್ರೌಡ್ ಕುರ್ಚಿಯ ಹಿಂದೆ ಸರಿದ.

"ಉಡುಗೊರೆ ನೋಡೋಣ ಬನ್ನಿ ಸಾರ್!" ಎಂದು ಅರಚಿದ. ಮೊದಲ ಪೆಟ್ಟಿಗೆ ಸೀಳಿದ. ಒಳಗೊಂದು ಡಿಸ್ಕು, ಮೇಲೊಂದು ಪತ್ರ. ಗಟ್ಟಿಯಾಗಿ ಓದಿದ: "'ಮಾನ್ಯರೇ, ಇದನ್ನು ದಿನಾ ಬೆಳಿಗ್ಗೆ ಬೂಟಿನಿಂದ ಹೊಡೆದರೆ ಮಾತ್ರ ಎದ್ದೇಳುತ್ತದೆ. ನಮ್ಮ ಗುಮಾಸ್ತೆಗೆ ಹಿಮ್ಮಡಿ ನೋವು ಬಂದಿದೆ.' ಮೆಚ್ಚುಗೆ ಪತ್ರ ಸಾರ್! ಬರ್ಕೊಳ್ಳಿ!"

ಎರಡನೆಯದನ್ನು ಸೀಳಿದ. "'ನಮ್ಮ ಕಚೇರಿಯಲ್ಲಿ ಇದನ್ನು ಬೆಚ್ಚಗಿಡಲು ಸರದಿಯ ಮೇಲೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೇವೆ. ಇದು ಡಿಸ್ಕೋ, ಮೊಟ್ಟೆಯೋ?' ಉತ್ತರ ಕೊಡಿ ಸಾರ್!"

ಮೂರನೆಯದರಲ್ಲಿ ಬರೀ ಬೈಗುಳ. ಅದನ್ನೂ ಬಿಡದೆ ಓದಿದ. ಹಿಗಾ ಮೊದಲ ಸಲ ನೆಲದಿಂದ ಕಣ್ಣೆತ್ತಿ, ಖುಷಿ ತಡೆಯಲಾರದೆ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಹನ್ನೆರಡನೇ ಪತ್ರದ ಹೊತ್ತಿಗೆ ಪಕ್ಕದ ಕೋಣೆಯವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಹತ್ತೊಂಬತ್ತನೆಯದು ಸ್ಟ್ರೌಡ್‌ನ ಸ್ವಂತ ಭಾವಮೈದುನನದು.

"ಸಾಕು! ಸಾಕು ಮಾರಾಯ! ಏಳು ಹಾಕ್ಕೋ!"

"ಒಂಬತ್ತು."

"ಎಂಟು."

ಲಿಯೊನೆಲ್ ಇಪ್ಪತ್ತನೆಯ ಪೆಟ್ಟಿಗೆಗೆ ಚಾಕು ಹಾಕಿದ.

"ಒಂಬತ್ತು! ಒಂಬತ್ತೇ! ಕೆಳಗಿಡು ಅದನ್ನ!"

ಹನ್ನೊಂದು ದಿನದ ಚೌಕಾಸಿ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಅದಾದ ಮೇಲೆ ಉಳಿದದ್ದೆಲ್ಲ ಲಿಯೊನೆಲ್‌ಗೆ ನೀರು ಕುಡಿದಷ್ಟು ಸುಲಭ. ಮಧ್ಯಾಹ್ನ ಅಂಕಿಗಳು ಕೂತವು, ಸಂಜೆಗೆ ಅಧ್ಯಕ್ಷರು ಫೋನಿನಲ್ಲಿ ನಿಟ್ಟುಸಿರು ಬಿಟ್ಟು ಒಪ್ಪಿದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವರದಿಯನ್ನು ಸುದ್ದಿಸಂಸ್ಥೆಗೆ ಕಳಿಸಿದರು. ನಷ್ಟ, ಹನ್ನೊಂದು ಮಿಲಿಯನ್ ಡಾಲರ್. ಸುದ್ದಿ ತಂತಿಯಲ್ಲಿ ಹೋಯಿತು ಎಂದು ಖಾತ್ರಿಯಾಗುವವರೆಗೆ ಜಾಗ ಬಿಟ್ಟು ಕದಲುವಂತಿರಲಿಲ್ಲ. ಲಿಯೊನೆಲ್ ಫೋನಿನ ಪಕ್ಕ ಒಂಟಿಗಾಲಲ್ಲಿ ನಿಂತಿದ್ದ. ಹನ್ನೊಂದು ಮುಕ್ಕಾಲಿಗೆ ಆ ಕಡೆಯಿಂದ, "ಹೋಯ್ತು ಸಾರ್. ಪಾಪ, ನಿಮ್ಮ ಕಂಪನಿ" ಎಂದರು. "ಬಹಳ ಸಂತೋಷ!" ಎಂದು ಕೂಗಿ, ಕೋಟನ್ನೂ ಬಿಟ್ಟು, ಮೆಟ್ಟಿಲು ಹಾರಿ, ತನ್ನ ಹಳೆಯ ಕಾರಿಗೆ ಬಿದ್ದ.

ಬೇಕರಿಯಲ್ಲಿ ಹನ್ನೆರಡು ದಾಟಿತ್ತು. ಗುರುವಾರವಾದರೂ ಶನಿವಾರದಷ್ಟೇ ಜನ, ಇಡಾಲಿನಾಳನ್ನು ಬೀಳ್ಕೊಡಲು ಬಂದವರು. ಡೋನಟ್ ಅಂಗಡಿಯ ಯಜಮಾನ ಕಾಗದ ಹರಡಿಕೊಂಡು ಕೂತು ಬೆವರುತ್ತಿದ್ದ. ಯಾಕೆಂದರೆ ಇಡಾಲಿನಾ ಕರಾರುಪತ್ರದ ಪ್ರತಿ ಪುಟವನ್ನೂ ಅವನ ಕೈಯಲ್ಲಿ ಜೋರಾಗಿ ಓದಿಸುತ್ತಿದ್ದಳು. ಓದಿದ್ದನ್ನೇ ಮತ್ತೆ ಓದಿಸುತ್ತಿದ್ದಳು. "ಒಲೆಯ ಬಗ್ಗೆ ಇರೋದು ಇನ್ನೊಂದ್ಸಲ ಓದಪ್ಪ, ನಿಧಾನಕ್ಕೆ" ಎನ್ನುತ್ತಿದ್ದಳು. ಕಣ್ಣು ಮಾತ್ರ ಬಾಗಿಲ ಮೇಲಿತ್ತು. ಮ್ಯಾನಿ ಗಲ್ಲೆಯ ಮೇಲಿನ ಫೋನಿನಲ್ಲಿ ದಲ್ಲಾಳಿಯ ಜೊತೆ ಮಾತಾಡುತ್ತಿದ್ದವನು ಬಿಳಿಚಿಕೊಂಡು ತಿರುಗಿದ.

"ವರದಿ ಬಂತು. ಹನ್ನೊಂದು ಮಿಲಿಯನ್ ನಷ್ಟವಂತೆ. ಷೇರು ಆಗಲೇ ನಾಲ್ಕು ಡಾಲರ್ ಬಿದ್ದಿದೆ, ಇನ್ನೂ ಬೀಳ್ತಾ ಇದೆ!"

ಅಯ್ಯೋ ಎಂಬ ಉದ್ಗಾರ ಮುಗಿದಿರಲಿಲ್ಲ, ಬಾಗಿಲು ದಢಾರನೆ ತೆರೆದುಕೊಂಡಿತು. ಲಿಯೊನೆಲ್! ಕೂದಲು ಕೆದರಿ, ಟೈ ಬೆನ್ನ ಮೇಲೆ ಹೋಗಿ, ಮುಖದಲ್ಲಿ ಈ ಕಿವಿಯಿಂದ ಆ ಕಿವಿಯವರೆಗೆ ನಗು! ಹನ್ನೊಂದು ವರ್ಷ ಅಲ್ಲಿಲ್ಲಿ ಅದುಮಿಟ್ಟಿದ್ದೆಲ್ಲ ಒಟ್ಟಿಗೆ ಹೊರಬಿದ್ದ ಹಾಗಿತ್ತು ಆ ನಗು. ಜನ ಹೆದರಿ ದಾರಿ ಬಿಟ್ಟರು.

"ಏಯ್, ನಿಂಗೇನು ತಲೆ ಕೆಟ್ಟಿದೆಯಾ? ನಮ್ಮ ಮನೆ ಹಾಳಾಗಿದೆ, ಹಲ್ಲು ಕಿರೀತೀಯಲ್ಲೋ!" ಎಂದು ಮೀನಿನವನು ಮೇಲೇರಿ ಬಂದ.

ಲಿಯೊನೆಲ್ ಅವನನ್ನು ನೋಡಲೇ ಇಲ್ಲ. "ಹೌದು!" ಎಂದ. "ಇಡಾಲಿನಾ, ಹೌದು! ಹೋಗ್ಬೇಡ. ಮದುವೆ ಆಗೋಣ. ಇವತ್ತೇ ಆಗೋಣ. ನಾಲ್ಕು ವರ್ಷದಿಂದ ನನ್ನ ಉತ್ತರ ಹೌದೇ. ನೀನಿಲ್ಲದೆ ನನಗೆ ಬ್ರೆಡ್ಡೂ ಬೇಡ, ಶನಿವಾರಾನೂ ಬೇಡ!"

ಇಡಾಲಿನಾ ಪೆನ್ನನ್ನು ಕೆಳಗಿಟ್ಟಳು. "ಅದನ್ನ ಶನಿವಾರ ಹೇಳೋಕೆ ಏನು ರೋಗ ಬಂದಿತ್ತೋ ನಿಂಗೆ?"

"ಶನಿವಾರ ಹೌದು ಅಂದಿದ್ರೆ ನಾನು ಹೀಗೇ ನಗ್ತಿದ್ದೆ. ಈ ನಗು ನೋಡಿದ್ರೆ ಇವರೆಲ್ಲ ಏನು ಮಾಡ್ತಿದ್ರು ಹೇಳು? ಮ್ಯಾನಿ, ಆ ಲಕೋಟೆ ಎಲ್ಲಿ ಇರ್ತಿತ್ತು ಈಗ?"

ಮ್ಯಾನಿ ಒಳಜೇಬಿಗೆ ಕೈ ಹಾಕಿ ಲಕೋಟೆ ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಮೀನಿನವನು ಎತ್ತಿದ್ದ ಕೈ ಇಳಿಸಿದ. ಮ್ಯಾನಿ ಮೆಲ್ಲಗೆ ಟೋಪಿ ತೆಗೆದು, "ಮಾರಾಯಾ, ನಿನ್ನ ಮುಖ ನಾನು ಸರಿಯಾಗಿ ಓದೇ ಇರಲಿಲ್ಲ" ಎಂದ.

ಇಡಾಲಿನಾಳ ಮುಖ ಕೆಂಪಾಯಿತು. ಗಲ್ಲೆಯ ಡ್ರಾಯರ್ ಎಳೆದು ಅವಳೂ ಒಂದು ಲಕೋಟೆ ಹೊರತೆಗೆದಳು, ಐದು ಸಾವಿರದ ಮುಂಗಡ.

"ಮ್ಯಾನಿದೊಂದೇ ಅಲ್ಲ" ಎಂದಳು. "ನೀನು ಶನಿವಾರ ನಕ್ಕಿದ್ರೆ ಇದನ್ನೂ ಸೋಮವಾರ ಪೂರ್ತಿ ಕೊಯೋಟಿಗೆ ಹಾಕ್ತಿದ್ದೆ."

ಲಿಯೊನೆಲ್‌ನ ನಗು ಅರ್ಧಕ್ಕೆ ನಿಂತಿತು. ನೋವಾಯಿತು ಅವನಿಗೆ, ನೋವು ಎಲ್ಲರಿಗೂ ಕಂಡಿತು. "ಅಂದ್ರೆ ನೀನು ಕೇಳಿದ್ದು ಮದುವೆಗೋ, ಷೇರಿಗೋ?"

"ಎರಡಕ್ಕೂ ಕಣೋ, ದಡ್ಡ! ನಾಲ್ಕು ವರ್ಷ ಕಾದಿದೀನಿ, ಒಂದು ಪ್ರಶ್ನೆಗೆ ಎರಡು ಉತ್ತರ ಬಂದ್ರೆ ಬೇಡ ಅನ್ನಕ್ಕಾಗುತ್ತಾ? ಆದ್ರೆ ಷೇರು ಬೇಕು ಅಂತ ಅಲ್ಲ ನಾನು ಇಲ್ಲಿ ಕೂತ್ಕೊಂಡು ಒಲೆಯ ಪುಟ ಐದು ಸಲ ಓದಿಸಿದ್ದು." ಅವಳ ಕಣ್ಣಲ್ಲಿ ನೀರು ತುಂಬಿತು. ಸೆರಗಿಲ್ಲದ ಊರು, ಹಿಟ್ಟಿನ ಏಪ್ರನ್ನಿನಲ್ಲೇ ಒರೆಸಿಕೊಂಡಳು. ಲಕೋಟೆಯನ್ನು ಡೋನಟ್ ಯಜಮಾನನ ಕೈಗೆ ತುರುಕಿ, "ಎಣಿಸ್ಕೊಳಪ್ಪ, ಸರಿಯಾಗಿದೆ. ಗಂಟಲು ಒಣಗಿರುತ್ತೆ, ಕಾಫಿ ಕುಡ್ಕೊಂಡು ಹೋಗು" ಎಂದಳು.

ಲಿಯೊನೆಲ್ ಇನ್ನೂ ಅಲ್ಲೇ ನಿಂತಿದ್ದ. ಲೆಕ್ಕದ ಮನುಷ್ಯ, ಬಾಕಿ ಉಳಿಸಿಕೊಂಡು ಗೊತ್ತಿಲ್ಲ.

"ಹಾಗಾದ್ರೆ ನಾನು ಶನಿವಾರ ನಕ್ಕಿದ್ರೆ ಏನಾಗ್ತಿತ್ತು?"

"ಮದುವೆಯೂ ಆಗ್ತಿತ್ತು, ನಾನು ದಿವಾಳಿಯೂ ಆಗ್ತಿದ್ದೆ."

"ಈಗ?"

ಇಡಾಲಿನಾ ಗಲ್ಲೆ ದಾಟಿ ಬಂದು, ಹಿಟ್ಟಿನ ಎರಡೂ ಕೈಯಲ್ಲಿ ಅವನ ಮುಖವನ್ನು ಹಿಡಿದುಕೊಂಡಳು.

"ಈಗ ಬರೀ ಮದುವೆ."